ಈರುಳ್ಳಿಯ ಅಚ್ಚು, ಚೊಗರಿನ ಬಣ್ಣ

ಅವರೆಕಾಯಿಯ ಸೊಗಡು ಊರಿಗೆ ಬಂದು, ಕಣದಲ್ಲಿ ರಾಗಿಯ ಮೆದೆ ಎದ್ದು, ಬೆಳಗಿನ ಜಾವ ಬಚ್ಚಲೊಲೆಯ ಮುಂದೆ ಕೂತವರು ಮೇಲೇಳಲು ಒಪ್ಪದ ಚಳಿ ಶುರುವಾಯಿತೆಂದರೆ ಅಜ್ಜಂಪುರದ ನಮ್ಮ ಅಜ್ಜನ ಮನೆಯ ಮಕ್ಕಳ ಕೈ ಸುಮ್ಮನಿರುತ್ತಿರಲಿಲ್ಲ. ಸಂಕ್ರಾಂತಿ ಹತ್ತಿರ ಬರುತ್ತಿತ್ತು, ಕಾರ್ಡು ಮಾಡಬೇಕಿತ್ತು. ಕಡೂರಿನ ಚಿಕ್ಕಪ್ಪನ ಮನೆಗೊಂದು, ತರೀಕೆರೆಯ ಅತ್ತೆಯ ಮನೆಗೊಂದು, ಬೀರೂರಿನ ದೊಡ್ಡವ್ವನಿಗೊಂದು, ಮದುವೆಯಾಗಿ ದಾವಣಗೆರೆ ಸೇರಿದ ಅಕ್ಕನಿಗೊಂದು, ವರ್ಗವಾಗಿ ಹೋದ ಮೇಷ್ಟರಿಗೊಂದು, ಶಿವಮೊಗ್ಗದ ಹಾಸ್ಟೆಲಿನಲ್ಲಿ ಓದುತ್ತಿದ್ದ ಅಣ್ಣನಿಗೊಂದು ಎಂದು ಪಟ್ಟಿ ಬೆಳೆಯುತ್ತಿತ್ತು. ಪಟ್ಟಿ ಬರೆಯುವುದಕ್ಕೇ ಒಂದು ಸಂಜೆ ಬೇಕು. ಹೋದ ವರ್ಷ ಯಾರು ಮರುಕಾರ್ಡು ಕಳಿಸಿದ್ದರು, ಯಾರು ಕಳಿಸಲಿಲ್ಲ, ಕಳಿಸದವರ ಮನೆಯಲ್ಲಿ ಆಗ ಸೂತಕವಿತ್ತೋ ಏನೋ ಎಂಬುದೆಲ್ಲ ನಡುಮನೆಯಲ್ಲಿ ಚರ್ಚೆಯಾಗಿ, ಕೊನೆಗೆ ಅಜ್ಜಿ ‘ಅವ್ರು ಕಳಿಸದಿದ್ರೆ ಏನಾತು, ನೀವು ಕಳಿಸ್ರಿ, ಹಬ್ಬದಾಗೆ ಲೆಕ್ಕ ಇಡಬಾರದು’ ಎಂದ ಮೇಲೆ ಯಾರ ಹೆಸರನ್ನೂ ಹೊಡೆಯದೆ ಪಟ್ಟಿ ಮುಗಿಯುತ್ತಿತ್ತು.

ಇದು 1980ರ ದಶಕದ ಮಾತು. ಡಿಸೆಂಬರ್ ಅರ್ಧ ಕಳೆಯುವ ಹೊತ್ತಿಗೆ ಕಡೂರು, ತರೀಕೆರೆಯ ಪುಸ್ತಕದಂಗಡಿಗಳ ಮುಂದೆ ಅಡ್ಡ ದಾರ ಕಟ್ಟಿ ಗ್ರೀಟಿಂಗ್ಸ್ ನೇತುಹಾಕುತ್ತಿದ್ದರು. ಮಿನುಗುಪುಡಿ ಮೆತ್ತಿದ ಗುಲಾಬಿ, ನಾವು ಯಾರೂ ಕಾಣದ ಹಿಮ ಬಿದ್ದ ಮನೆ, ಸಿನಿಮಾ ನಟರ ಅಂಗೈಯಗಲದ ಪಟ. ಸಂತೆಗೆ ಹೋದಾಗಲೆಲ್ಲ ಅಲ್ಲಿ ನಿಂತು, ಯಾವ ಕಾರ್ಡು ಯಾವ ಕಡೆಗೆ ತೆರೆಯುತ್ತದೆ, ಮಡಿಕೆ ಎಲ್ಲೆಲ್ಲಿ ಬಿದ್ದಿದೆ ಎಂದು ಕಣ್ಣಲ್ಲೇ ಅಳತೆ ತೆಗೆದುಕೊಂಡು ಬರುತ್ತಿದ್ದೆವು. ಕೊಳ್ಳುವ ಮಾತು ಮನೆಯಲ್ಲಿ ಏಳುತ್ತಲೇ ಇರಲಿಲ್ಲ. ‘ಕೈ ಅದಾವಲ್ಲ, ಮಾಡ್ರಿ’ ಎಂದು ಅಜ್ಜ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ. ಆ ಮಾತಿನಲ್ಲಿ ಬೇಡವೆನ್ನುವ ಗದರಿಕೆಗಿಂತ ಮಾಡಿಯೇ ತೋರಿಸಿ ಎನ್ನುವ ಹುರಿದುಂಬಿಸುವಿಕೆಯೇ ಹೆಚ್ಚಾಗಿ ಕೇಳಿಸುತ್ತಿತ್ತು.

ವರ್ಷವಿಡೀ ಕೂಡಿಟ್ಟ ಸರಕು ಆಗ ಅಟ್ಟದಿಂದ ಇಳಿಯುತ್ತಿತ್ತು. ತುಕ್ಕು ಹಿಡಿದ ಟ್ರಂಕಿನ ಮುಚ್ಚಳ ಎತ್ತಿದರೆ ಊದುಬತ್ತಿ, ನುಸಿಗುಳಿಗೆ, ಹಳೇ ಅಂಟು ಮೂರೂ ಬೆರೆತ ವಾಸನೆ. ಒಳಗೆ ಚಿನ್ನದ ಬಣ್ಣದ ಗಣಪತಿಯಿದ್ದ ಮದುವೆ ಕಾಗದಗಳು, ಬಳ್ಳಿ ಹೂವಿನ ಊದುಬತ್ತಿ ಪೊಟ್ಟಣಗಳು, ಸೀರೆ ಡಬ್ಬಿಯ ರಟ್ಟು, ಹಳೆಯ ಕ್ಯಾಲೆಂಡರಿನ ಬಿಳಿ ಬೆನ್ನು, ಊರಹಬ್ಬದ ತೇರಿಗೆ ಕಟ್ಟಿ ಉಳಿದ ಬೇಗಡೆ, ಸುಧಾ ಮತ್ತು ಮಯೂರದ ಮುಖಪುಟಗಳು, ಬೆಂಕಿಪೊಟ್ಟಣದ ಪಟಗಳು. ಇವೆಲ್ಲಕ್ಕಿಂತ ದೊಡ್ಡ ನಿಧಿ ಕಡೂರಿನಿಂದ ಬರುತ್ತಿತ್ತು. ಚಿಕ್ಕಪ್ಪನಿಗೆ ಅಲ್ಲಿ ಅಚ್ಚುಕೂಟದವರೊಬ್ಬರ ಗೆಳೆತನವಿತ್ತು. ಮದುವೆ ಕಾಗದ ಕತ್ತರಿಸಿದ ಮೇಲೆ ಉಳಿಯುವ ಹಳದಿ, ತಿಳಿಗೆಂಪು, ಗಿಳಿಹಸಿರು ಅಂಚುಪಟ್ಟಿಗಳನ್ನು ಕಟ್ಟು ಕಟ್ಟಿ, ಬರುವವರ ಕೈಯಲ್ಲಿ ಕಳಿಸುತ್ತಿದ್ದ. ಆ ಕಟ್ಟು ಬಿಚ್ಚಿದರೆ ಮೊಳೆ ತೊಳೆದ ಸೀಮೆಎಣ್ಣೆಯ, ಮಸಿಯ ವಾಸನೆ ನಡುಮನೆಯನ್ನೆಲ್ಲ ಹಿಡಿಯುತ್ತಿತ್ತು, ಮತ್ತು ಮಕ್ಕಳೆಲ್ಲ ಒಟ್ಟಿಗೆ ಕೈ ಹಾಕಬಾರದೆಂದು ಸಣ್ಣಕ್ಕ ಅದರ ಮೇಲೆ ಮಣೆ ಮಗುಚಿ ಕೂತುಬಿಡುತ್ತಿದ್ದಳು.

ಅಂಟು ಅಂಗಡಿಯಿಂದ ಬಂದದ್ದೇ ಇಲ್ಲ. ರಟ್ಟಿಗೆ ಮೈದಾ ಅಂಟು ಸಾಕು. ತರೀಕೆರೆಯ ಅತ್ತೆಯ ಮನೆಯಲ್ಲಿ ಅಡಿಕೆ ತೋಟಕ್ಕೆ ಮಳೆಗಾಲದಲ್ಲಿ ಹೊಡೆಯಲು ತಂದು ಉಳಿಸಿದ ಮೈಲುತುತ್ತವನ್ನು ಸಣ್ಣಕ್ಕ ಚಿಟಿಕೆಯಷ್ಟು ಹಾಕಿ ಕಾಯಿಸಿದರೆ ಆ ಅಂಟಿಗೆ ಹುಳ ಬೀಳುತ್ತಿರಲಿಲ್ಲ, ಸಣ್ಣವರು ಆ ಪಾತ್ರೆಯ ಹತ್ತಿರ ಸುಳಿಯುವಂತಿರಲಿಲ್ಲ. ತೆಳು ಕಾಗದಕ್ಕೆ ಬೇಕಾದದ್ದು ಜಾಲಿಯ ಅಂಟು. 1929ರಲ್ಲಿ ಸ್ಥಾಪನೆಯಾದ ಅಮೃತ ಮಹಲ್ ತಳಿ ಕೇಂದ್ರದ ದನಗಳು ಉದ್ದ ಕೊಂಬು ಹೊತ್ತು ಮೇಯುವ ಕಾವಲಿನ ಕಡೆಗೆ, ರಜೆಯ ದಿನ ಬುತ್ತಿ ಕಟ್ಟಿಕೊಂಡು ಹೋಗಿ, ಜಾಲಿಮರದ ಗಾಯಗಳಲ್ಲಿ ಒಸರಿ ಗಟ್ಟಿಯಾದ ಜೇನುಬಣ್ಣದ ಉಂಡೆಗಳನ್ನು ಮುಳ್ಳು ತರಚಿಸಿಕೊಂಡು ಕಿತ್ತು, ಕರವಸ್ತ್ರದಲ್ಲಿ ಗಂಟು ಹಾಕಿ ತರುತ್ತಿದ್ದೆವು. ಅರ್ಧ ಬಾಯಿಗೆ, ಅರ್ಧ ಬಾಟಲಿಗೆ. ರಾತ್ರಿ ನೀರಿನಲ್ಲಿ ನೆನೆಸಿಟ್ಟರೆ ಬೆಳಿಗ್ಗೆಗೆ ಅಂಟು. ಅದು ಮುಗಿದರೆ ಚಳ್ಳೆಹಣ್ಣು ಇದ್ದೇ ಇತ್ತು, ಹಿಸುಕಿದರೆ ಲೋಳೆ ಬೆರಳಿಗೇ ಮೊದಲು ಅಂಟಿಕೊಳ್ಳುತ್ತಿತ್ತು.

ಅಚ್ಚುಗಳ ಕೆಲಸ ಅಡುಗೆಮನೆಯಿಂದ ಶುರುವಾಗುತ್ತಿತ್ತು. ಅಜ್ಜಂಪುರದ ಕಡೆ ಈರುಳ್ಳಿಗೆ ಬರವೇ? ಕಿತ್ತು ಒಣಗಿಸಿ, ಬೆಲೆ ಬರಲೆಂದು ತಟ್ಟಿ ಕಟ್ಟಿ ಕೂಡಿಟ್ಟ ಈರುಳ್ಳಿಯ ಘಾಟು ಹಿತ್ತಿಲಿನಿಂದ ಜಗಲಿಯವರೆಗೆ ಇರುತ್ತಿತ್ತು. ಅದರಲ್ಲಿ ಗುಂಡಗಿನದನ್ನು ಆರಿಸಿ, ಈಳಿಗೆಮಣೆಯಲ್ಲಿ ಅಡ್ಡಡ್ಡ ಸೀಳಿ, ನೀರು ಆರಲೆಂದು ಕೊಂಚ ಹೊತ್ತು ಬೂದಿಯ ಮೇಲೆ ಬೋರಲು ಹಾಕಿ, ಒರೆಸಿ, ಬಣ್ಣಕ್ಕೆ ಅದ್ದಿ ಒತ್ತಿದರೆ ಒಂದರೊಳಗೊಂದು ಬಳೆ ಬಿಡಿಸಿದ ಚಿತ್ರ. ಬೆಂಡೆಕಾಯಿಗೆ ಐದೆಸಳಿನ ಹೂವು, ಬಾಳೆದಿಂಡಿಗೆ ತಾವರೆ, ಹಾಗಲಕಾಯಿಗೆ ಹಲ್ಲುಹಲ್ಲಿನ ಚಕ್ರ, ಆಲೂಗಡ್ಡೆಗೆ ನಾವು ಏನು ಕೊರೆದರೆ ಅದು. ಬಾಳಿಕೆ ಬರುವ ಅಚ್ಚು ಬೇಕೆಂದರೆ ಸವೆದ ಹವಾಯಿ ಚಪ್ಪಲಿಯ ಹಿಮ್ಮಡಿಯನ್ನು ಬ್ಲೇಡಿನಿಂದ ಕೊಯ್ದು, ಮರದ ತುಂಡಿಗೆ ಅಂಟಿಸಬೇಕು. ‘ಶುಭಾಶಯ’ ಎಂದು ಕೊರೆಯುವವರು ಅಕ್ಷರವನ್ನು ತಿರುಗುಮುರುಗು ಬರೆದು, ಗೋಡೆಯ ಕನ್ನಡಿಗೆ ಹಿಡಿದು, ಸರಿಯಾಗಿ ಓದಿಸಿಕೊಂಡರೆ ಮಾತ್ರ ಬ್ಲೇಡು ಮುಟ್ಟಬಹುದು. ಇದು ಸಣ್ಣಕ್ಕನ ಕಾಯಿದೆ.

ತರೀಕೆರೆಯ ಮಕ್ಕಳ ಅಚ್ಚುಗಳು ನಮ್ಮವಕ್ಕಿಂತ ಚೆಂದ, ಅದಕ್ಕೆ ಕಾರಣವೂ ಗೊತ್ತಿತ್ತು. ಅವರಿಗೆ ಅಮೃತಾಪುರ ಹತ್ತಿರ. ವೀರಬಲ್ಲಾಳನ ಕಾಲದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ಗುಡಿಯ ಸುತ್ತಿನ ಗೋಡೆಯ ಮೇಲೆ ಸಮದೂರದಲ್ಲಿ ಸಾಲಾಗಿ ಬರುವ ದುಂಡು ಕೆತ್ತನೆಗಳಿವೆಯಲ್ಲ, ಅವುಗಳ ಮೇಲೆ ಕಾಗದ ಹಿಡಿದು ಇದ್ದಿಲು ಉಜ್ಜಿಕೊಂಡು ಬಂದು ಮಾದರಿ ಮಾಡಿಕೊಳ್ಳುತ್ತಿದ್ದರು. ಎಂಟುನೂರು ವರ್ಷದ ಹಿಂದಿನ ಕಲ್ಲುಕುಟಿಗನ ಕೈಯ ಸುಳಿ ನಮ್ಮ ಅತ್ತೆಯ ಮಕ್ಕಳ ಹವಾಯಿ ಚಪ್ಪಲಿಯಲ್ಲಿ ಮೂಡಿ, ಸಂಕ್ರಾಂತಿಯ ಕಾಗದ ಹತ್ತಿ ಊರೂರು ತಿರುಗುತ್ತಿತ್ತು.

ಬಣ್ಣ ಕೂಡ ಮನೆಯದೇ. ಅರಿಶಿನಕ್ಕೆ ಅಜ್ಜಿಯ ಎಲೆಡಿಕೆ ಚೀಲದ ಸುಣ್ಣ ಸೋಕಿಸಿದರೆ ಕೆಂಪು, ಬಸಳೆ ಹಣ್ಣು ಹಿಂಡಿದರೆ ನೇರಳೆ, ಅವರೆ ಸೊಪ್ಪು ಅರೆದರೆ ಹಸಿರು, ಬ್ರಿಲ್ ಶಾಯಿಯಲ್ಲಿ ನೆನೆಸಿದ ಹಳೇ ಪಂಚೆಯ ಚೂರನ್ನು ಪಾಲಿಶ್ ಡಬ್ಬಿಯ ಮುಚ್ಚಳದಲ್ಲಿ ಮಡಿಸಿಟ್ಟರೆ ನೀಲಿ. ಎಲ್ಲಕ್ಕಿಂತ ಮೇಲಿನ ಬಣ್ಣ ಚೊಗರು. ತರೀಕೆರೆಯಲ್ಲಿ ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿದ ಹಸಿ ಅಡಿಕೆಯನ್ನು ದೊಡ್ಡ ಹಂಡೆಯಲ್ಲಿ ಬೇಯಿಸಿ ತೆಗೆದ ಮೇಲೆ ಉಳಿಯುವ ಆ ಗಾಢ ಕೆಂಗಂದು ರಸವನ್ನು ಅತ್ತೆ ಔಷಧಿ ಬಾಟಲಿಗೆ ತುಂಬಿ, ಬಟ್ಟೆಯ ಬಿರಡೆ ಹಾಕಿ, ಯಾರಾದರೂ ಅಜ್ಜಂಪುರದ ಬಸ್ಸು ಹತ್ತಿದರೆ ಅವರ ಚೀಲಕ್ಕೆ ಇಡುತ್ತಿದ್ದಳು. ಅಂಗಿಗೆ ತಗುಲಿದರೆ ಅವ್ವನ ಕೈಗೆ ಸಿಕ್ಕ ಯಾವ ಸೋಪಿಗೂ ಬಗ್ಗುತ್ತಿರಲಿಲ್ಲ. ಕಾಗದದ ಮೇಲೆ ಒಣಗಿದರೆ ಹಳೇ ಮರದ ಬಾಗಿಲಿನ ಬಣ್ಣ.

ಇಷ್ಟೆಲ್ಲ ಸರಕು ಸೇರಿದ ಮೇಲೆ ಮಡಿಕೆ. ಮಡಿಸುವ ಕೆಲಸ ಹಿರಿಯ ಮಕ್ಕಳದು, ಗೀರು ಮೂಡಿಸಲು ಹುಣಸೆಬೀಜ, ಅಳತೆಗೆ ಅಜ್ಜನ ಅಡಿಪಟ್ಟಿ. ಬಾಗಿಲ ಕಾರ್ಡು ಎಂದರೆ ಹಾಳೆಯನ್ನು ನಾಲ್ಕು ಪಾಲು ಮಾಡಿ, ಎರಡು ತುದಿಯ ಪಾಲನ್ನು ನಡುವಿಗೆ ತಂದು, ಕಪಾಟಿನ ಜೋಡಿ ಬಾಗಿಲುಗಳ ಹಾಗೆ ಕೂಡಿಸುವುದು. ಮೇಲೆ ಮದುವೆ ಕಾಗದದ ಗಣಪತಿಯನ್ನು ಒಂದು ಬಾಗಿಲಿಗೆ ಮಾತ್ರ ಅಂಟಿಸಿದರೆ ಅವನೇ ಚಿಲಕ. ಬೀಸಣಿಗೆ ಕಾರ್ಡು ಹಿಂದೆ ಮುಂದೆ ಮಡಿಯುತ್ತ ಹೋಗುವುದು, ಎಳೆದರೆ ಉದ್ದಕ್ಕೆ ಬಿಚ್ಚಿಕೊಂಡು ಮಡಿಕೆಗೊಂದು ಚಿತ್ರ ತೋರಿಸುವುದು: ಕಬ್ಬು, ಎಳ್ಳಿನ ತಟ್ಟೆ, ಕಿಚ್ಚು ಹಾಯುವ ಎತ್ತು, ಕಣದ ರಾಶಿ. ಮೆಟ್ಟಿಲ ಕಾರ್ಡಿನಲ್ಲಿ ಪಾಲುಗಳು ಒಂದಕ್ಕಿಂತ ಒಂದು ಗಿಡ್ಡ, ಮುಚ್ಚಿದಾಗ ಬೇರೆ ಬೇರೆ ಬಣ್ಣದ ಅಂಚು ಸಾಲಾಗಿ ಕಾಣಬೇಕು. ಕಡೂರಿನ ಅಂಚುಪಟ್ಟಿಗಳು ಇದಕ್ಕೇ ಹುಟ್ಟಿದ್ದವು. ಎದ್ದು ನಿಲ್ಲುವ ಕಾರ್ಡು ಕಷ್ಟದ್ದು. ನಡುಮಡಿಕೆಯ ಮೇಲೆ ಹೆಬ್ಬೆರಳಗಲ ಬಿಟ್ಟು ಎರಡು ಸಮನಾದ ಸೀಳು ಹಾಕಿ, ನಡುವಿನ ನಾಲಿಗೆಯನ್ನು ಒಳಕ್ಕೆ ನೂಕಿ, ಅದರ ಮುಂದಕ್ಕೆ ಬಣ್ಣ ಹಚ್ಚಿದ ಎತ್ತನ್ನು ಅಂಟಿಸಿದರೆ, ಕಾರ್ಡು ತೆರೆದವರ ಎದುರಿಗೆ ಎತ್ತು ಎದ್ದು ನಿಲ್ಲುತ್ತಿತ್ತು. ಮುಗಿದ ಕಾರ್ಡುಗಳೆಲ್ಲ ರಾತ್ರಿ ಅಕ್ಕಿ ಡಬ್ಬದ ಅಡಿಗೆ ಹೋಗಿ, ಬೆಳಿಗ್ಗೆ ಮಟ್ಟಸವಾಗಿ ಹೊರಬರುತ್ತಿದ್ದವು.

ಆ ಸಂಜೆಗಳಲ್ಲಿ ಮನೆಯೇ ಒಂದು ಕೆಲಸದ ಶಾಲೆ. ಜಗಲಿಯ ಒಂದು ಕಡೆ ದೊಡ್ಡವರು ಅವರೆಕಾಯಿ ಸುಲಿಯುವುದು, ನೆನೆದ ಕಾಳನ್ನು ಹಿತುಕುವುದು, ಸಿಪ್ಪೆ ಮೊರಕ್ಕೆ ಬೀಳುವ ಸದ್ದು. ಇನ್ನೊಂದು ಕಡೆ ಅವ್ವ, ಚಿಕ್ಕಮ್ಮ ಎಳ್ಳುಬೆಲ್ಲಕ್ಕೆಂದು ಕಡೂರಿನಿಂದ ತಂದ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು ಸಣ್ಣಗೆ ಹೆಚ್ಚುವುದು, ಬೆಲ್ಲ ಕೊಯ್ಯುವ ಕತ್ತಿಯ ಲಯ. ಗೂಡಿನಲ್ಲಿ ರೇಡಿಯೋ ಭದ್ರಾವತಿ ಆಕಾಶವಾಣಿಯನ್ನು ತನ್ನಷ್ಟಕ್ಕೆ ಹಾಡಿಸಿಕೊಳ್ಳುವುದು. ನಡುವೆ ಲಾಟೀನಿನ ಸುತ್ತ ನಾವು. ಕರೆಂಟು ಹೋಗುವುದು ನಿತ್ಯದ ಮಾತಾದ್ದರಿಂದ ಲಾಟೀನಿನ ಗಾಜನ್ನು ಬೂದಿಯಲ್ಲಿ ತಿಕ್ಕಿ ಹೊಳೆಯಿಸಿ ಇಡುವುದು ಸರದಿಯ ಕೆಲಸವಾಗಿತ್ತು. ಸಕ್ಕರೆ ಅಚ್ಚಿನ ಮರದ ಪಡಿಯಚ್ಚುಗಳು ತೊಳೆದು ಒಣಗಲು ಇಟ್ಟಿರುತ್ತಿದ್ದವು. ಅವನ್ನು ಕೇಳಿ ಪಡೆದು, ತೆಳು ಕಾಗದ ಹೊದಿಸಿ, ಸೀಸದ ಕಡ್ಡಿ ಓರೆಯಾಗಿ ಉಜ್ಜಿದರೆ ಗಿಳಿ, ತುಳಸಿಕಟ್ಟೆ, ತೇರು ಬೂದುಬಣ್ಣದಲ್ಲಿ ಮೇಲೆದ್ದು ಬರುತ್ತಿದ್ದವು. ಯಾರೂ ಯಾರಿಗೂ ಕಲಿಸುತ್ತಿರಲಿಲ್ಲ, ಪಕ್ಕದಲ್ಲಿ ಕೂತದ್ದರಿಂದಲೇ ಕಲಿಕೆ ಸಾಗುತ್ತಿತ್ತು. ಹೋದ ವರ್ಷ ಅಂಟು ಹಿಡಿದುಕೊಂಡು ನಿಂತವನು ಈ ವರ್ಷ ಅಚ್ಚು ಒತ್ತುವವನು, ಬರುವ ವರ್ಷ ಅವನೇ ಮಡಿಕೆ ಹಾಕುವವನು.

ಒಳಗಿನ ಮಾತು ಅಜ್ಜನದು. ಅವನು ಹೇಳುತ್ತಿದ್ದ, ಕೈಬರಹ ದುಂಡಗಿದ್ದವರು ಬರೆಯುತ್ತಿದ್ದರು: ಕ್ಷೇಮ, ಮಳೆಬೆಳೆ, ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ. ಎಲ್ಲ ಮುಗಿದ ಮೇಲೆ ಕಾರ್ಡುಗಳನ್ನು ದೇವರ ಮುಂದೆ ಸಾಲಾಗಿ ತೆರೆದಿಟ್ಟು ಅವಳನ್ನು ಕರೆಯುತ್ತಿದ್ದೆವು. ಸ್ನಾನ ಮಾಡಿ ಬಂದು, ಅರಿಶಿನದ ಬಟ್ಟಲಿಗೆ ಹೆಬ್ಬೆರಳು ಅದ್ದಿ, ಪ್ರತಿ ಕಾರ್ಡಿನ ನಾಲ್ಕು ಮೂಲೆಗೂ ಒತ್ತಿ, ನಡುವೆ ಕುಂಕುಮ ಇಟ್ಟು, ಯಾರಿಗೆ ಹೋಗುವ ಕಾರ್ಡೋ ಅವರ ಹೆಸರು ಹಿಡಿದು ಗಟ್ಟಿಯಾಗಿ ಮಾತಾಡುತ್ತಿದ್ದಳು: ‘ಕಾಲು ನೋವು ಹೆಂಗೈತೋ ಏನೋ’, ‘ಈ ಸಲ ಗಂಡು ಕರ ಹಾಕ್ತಂತಲ್ಲ’, ‘ತವರಿಗೆ ಬಾರವ್ವ, ಬಂದು ವರ್ಷಾತು’. ಶುಭದ ಕಾಗದಕ್ಕೆ ಅರಿಶಿನ, ಸಾವಿನ ಕಾಗದಕ್ಕೆ ಹರಿದ ಮೂಲೆ ಎಂಬುದು ನಮ್ಮ ಸೀಮೆಯ ಮನೆಮನೆಗೂ ಗೊತ್ತಿದ್ದ ಗುರುತು. ಅಂಚೆಯವರು ಅಂಗಳಕ್ಕೆ ಕಾಲಿಟ್ಟರೆ ಹೆಂಗಸರು ಮೊದಲು ಮೂಲೆ ನೋಡುತ್ತಿದ್ದರು, ಆಮೇಲೆ ಉಸಿರು ಬಿಡುತ್ತಿದ್ದರು. ನಾವು ಕೊರೆದ ಅಚ್ಚುಗಳೆಲ್ಲ ಒಂದು ತೂಕವಾದರೆ ಅಜ್ಜಿಯ ಆ ಹೆಬ್ಬೆರಳಿನ ಗೆರೆಗಳು ಇನ್ನೊಂದು ತೂಕ, ಮತ್ತು ಊರೂರಿನ ಬಂಧುಗಳು ಬೆರಳಿಟ್ಟು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದದ್ದು ಅದನ್ನೇ.

ವಿಳಾಸ ಬರೆಯುವಾಗ ಒಂದು ಸಣ್ಣ ಜಗಳ ಪ್ರತಿ ವರ್ಷ ಇರುತ್ತಿತ್ತು. ಅಜ್ಜ ತನ್ನ ರೂಢಿಯಂತೆ ‘ಕಡೂರು ಡಿಸ್ಟ್ರಿಕ್ಟ್’ ಎಂದೇ ಬರೆಸುತ್ತಿದ್ದ. 1947ರವರೆಗೆ ಜಿಲ್ಲೆಯ ಹೆಸರೇ ಕಡೂರು, ಆಮೇಲೆ ಚಿಕ್ಕಮಗಳೂರಾಯಿತು; ಅವನ ನಾಲಿಗೆಗೆ ಹಳೆಯದೇ ಒಗ್ಗಿತ್ತು. ನಾವು ಅದನ್ನು ಉಳಿಸಿ, ಕೆಳಗೆ ಪಿನ್ ಕೋಡ್ ಸೇರಿಸುತ್ತಿದ್ದೆವು. 1972ರಲ್ಲಿ ಜಾರಿಗೆ ಬಂದ ಆ ಆರಂಕಿ ಶಾಲೆಯಲ್ಲಿ ಬಾಯಿಪಾಠವಾಗಿತ್ತು: ಅಜ್ಜಂಪುರಕ್ಕೆ 577547, ಕಡೂರಿಗೆ 577548, ತರೀಕೆರೆಗೆ 577228. ನಮಗೂ ಚಿಕ್ಕಪ್ಪನಿಗೂ ಒಂದೇ ಅಂಕಿಯ ಅಂತರ ಎಂಬುದು ನಮಗೆ ನೆಂಟಸ್ತಿಕೆಯ ಇನ್ನೊಂದು ಪುರಾವೆ. ಲಕೋಟೆಗೆ ಅಂಟು ಹಾಕದೆ ನಾಲಿಗೆಯನ್ನು ಒಳಗೆ ಸಿಕ್ಕಿಸಿ, ಮೂಲೆಯಲ್ಲಿ ಬುಕ್ ಪೋಸ್ಟ್ ಎಂದು ಬರೆದರೆ ಆಗ ಕಡಿಮೆ ಅಂಚೆಚೀಟಿ ಸಾಕಾಗುತ್ತಿತ್ತು. ಒಳಗೆ ತುಂಬಾ ಬರೆದಿದ್ದ ಕಾರ್ಡಿಗೆ ಮಾತ್ರ ಕಾಗದದ ದರ. ಬಂದ ಕಾಗದಗಳಿಂದ ನೀರಲ್ಲಿ ನೆನೆಸಿ ಬಿಡಿಸಿಕೊಂಡ ಹಳೇ ಅಂಚೆಚೀಟಿಗಳು, ಕೋಳಿಮರಿಯ 25 ಪೈಸೆ, ಹತ್ತಿಯ 1 ರೂಪಾಯಿ, ಕಾರ್ಡಿನ ಒಳಗೆ ಅಲಂಕಾರಕ್ಕೆ ಹೋಗುತ್ತಿದ್ದವು.

ಕೆಂಪು ಡಬ್ಬಕ್ಕೆ ಹಾಕಿದ ಸಂಜೆ ರೈಲಿನ ಕೂಗು ಕೇಳಿದರೆ ಸಾಕು, ಎಲ್ಲರೂ ಒಂದು ಗಳಿಗೆ ಕೆಲಸ ಬಿಡುತ್ತಿದ್ದೆವು. ಮೀಟರ್ ಗೇಜಿನ ಹಳಿಯ ಮೇಲೆ ಕಲ್ಲಿದ್ದಲ ಹೊಗೆ ಬಿಡುತ್ತ ಹೋಗುವ ಆ ಗಾಡಿಯಲ್ಲೇ ನಮ್ಮ ಕಾರ್ಡು ಕೂತಿದೆ, ಅಂಚೆ ಡಬ್ಬಿಯವರು ಅದನ್ನು ವಿಂಗಡಿಸುತ್ತಿದ್ದಾರೆ, ಬೀರೂರು ಜಂಕ್ಷನ್ನಿನಲ್ಲಿ ಒಂದು ಕಟ್ಟು ಶಿವಮೊಗ್ಗದ ಹಾದಿ ಹಿಡಿದು ತರೀಕೆರೆಗೆ, ಇನ್ನೊಂದು ಕಟ್ಟು ನೆಟ್ಟಗೆ ಕಡೂರಿಗೆ ಎಂದು ನಮ್ಮ ಲೆಕ್ಕ. ಮರುಕಾರ್ಡು ಬರುವವರೆಗೆ ಶಾಲೆಯಿಂದ ಬಂದವರ ಮೊದಲ ಪ್ರಶ್ನೆ ಊಟದ್ದಲ್ಲ, ಅಂಚೆಯದು. ತರೀಕೆರೆಯ ಲಕೋಟೆಯಲ್ಲಿ ಒಣಗಿದ ಹಿಂಗಾರದ ಎಳೆ, ಅಡಿಕೆ ಹಾಳೆಯನ್ನು ಸವರಿ ಮಾಡಿದ ಹೊದಿಕೆ. ಕಡೂರಿನದರಲ್ಲಿ ಚಿಕ್ಕಪ್ಪನ ಮಕ್ಕಳು ತೆಂಗಿನ ಗರಿ ಹೆಣೆದು ಅಂಟಿಸಿದ ಗಿಳಿ. ಕಾಗದಗಳೆಲ್ಲ ಜಂತೆಗೆ ನೇತುಹಾಕಿದ ತಂತಿಗೆ ಚುಚ್ಚಿಸಿಕೊಳ್ಳುತ್ತಿದ್ದವು. ಕಾರ್ಡುಗಳಿಗೆ ಮಾತ್ರ ಆ ಶಿಕ್ಷೆಯಿಲ್ಲ. ಅವು ದೇವರಪಟದ ಚೌಕಟ್ಟಿನ ಸಂದಿಯಲ್ಲಿ ಮುಂದಿನ ಸಂಕ್ರಾಂತಿಯವರೆಗೆ ನಿಲ್ಲುತ್ತಿದ್ದವು.

ಮೀಟರ್ ಗೇಜಿನ ಹಳಿ ಹೋಗಿ ದೊಡ್ಡ ಹಳಿ ಬಂತು. ಅಜ್ಜಂಪುರ ಈಗ ತಾನೇ ಒಂದು ತಾಲ್ಲೂಕು. ಮೊಳೆ ಜೋಡಿಸುವ ಅಚ್ಚುಕೂಟಗಳ ಸದ್ದು ನಿಂತಿತು, ಕಡೂರಿನಿಂದ ಬರುತ್ತಿದ್ದ ಬಣ್ಣದ ಕಟ್ಟು ನಿಂತಿತು. ಅಜ್ಜ ಹೋದ, ಅಜ್ಜಿ ಹೋದಳು, ಮನೆ ಪಾಲಾಗಿ ನಡುಮನೆಯ ಮಧ್ಯೆ ಗೋಡೆ ಎದ್ದಿತು. ಲಾಟೀನಿನ ಸುತ್ತ ಕೂತಿದ್ದವರು ಬೆಂಗಳೂರು, ಪುಣೆ, ಇನ್ನೂ ದೂರದ ಊರುಗಳಲ್ಲಿದ್ದೇವೆ. ಸಂಕ್ರಾಂತಿಯ ಬೆಳಿಗ್ಗೆ ಎಲ್ಲರ ಫೋನಿಗೂ ಎಳ್ಳುಬೆಲ್ಲದ ಪಟ ಬರುತ್ತದೆ, ಎಲ್ಲರೂ ಕೈಮುಗಿದ ಚಿತ್ರ ಕಳಿಸುತ್ತೇವೆ, ಆ ಹೊತ್ತಿಗೆ ಮನಸ್ಸು ತುಂಬುವುದೂ ನಿಜವೇ. ಆದರೆ ತರೀಕೆರೆಯ ಅತ್ತೆ ತನ್ನ ಕಬ್ಬಿಣದ ಪೆಟ್ಟಿಗೆಯಲ್ಲಿ ಉಳಿಸಿಕೊಂಡಿರುವ ಒಂದು ಬಾಗಿಲ ಕಾರ್ಡನ್ನು ನಮ್ಮ ಮಕ್ಕಳಿಗೆ ತೋರಿಸಿದಾಗ, ಅವರು ಅದನ್ನು ತೆರೆದು, ಮುಚ್ಚಿ, ಮತ್ತೆ ತೆರೆದು, ಯಾರು ಮಾಡಿದ್ದು, ಹೇಗೆ ಮಾಡಿದ್ದು ಎಂದು ಮೇಲಿಂದ ಮೇಲೆ ಕೇಳಿದರು. ನೀಲಿ ಶಾಯಿಯ ಬರಹ ಮಾಸಿದೆ, ಬಸಳೆಯ ನೇರಳೆ ಗುರುತೇ ಇಲ್ಲ. ಚೊಗರು ಹಾಗೇ ಇದೆ. ಅರಿಶಿನ ತಿಳಿಯಾಗಿದೆ, ಹೆಬ್ಬೆರಳಿನ ಗೆರೆಗಳು ಎಣಿಸುವಷ್ಟು ಸ್ಪಷ್ಟವಾಗಿವೆ.

ಅಚ್ಚಾದ ಮೊದಲ ಕ್ರಿಸ್‌ಮಸ್ ಕಾರ್ಡು 1843ರಲ್ಲಿ ಲಂಡನ್ನಿನಲ್ಲಿ ಹುಟ್ಟಿತಂತೆ. ಹೆನ್ರಿ ಕೋಲ್ ಎಂಬವರು ತಮಗೆ ಬಂದ ಕಾಗದಗಳಿಗೆಲ್ಲ ಉತ್ತರ ಬರೆಯಲು ಪುರುಸೊತ್ತಿಲ್ಲದೆ, ಚಿತ್ರಕಾರ ಹಾರ್ಸ್ಲಿಯವರಿಂದ ಒಂದು ಚಿತ್ರ ಬರೆಸಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಹೊತ್ತು ಉಳಿಸಲು ಹುಟ್ಟಿದ ಆ ವಸ್ತು ನಮ್ಮ ಮೂರು ಊರಿನ ಮನೆಗಳಿಗೆ ಬಂದು ಹೊತ್ತನ್ನು ಕೈತುಂಬ ಬೇಡಿತು, ನಾವು ಕೊಟ್ಟೆವು. ಕೊಟ್ಟ ಆ ಸಂಜೆಗಳೇ ನಮ್ಮನ್ನು ಒಂದು ಮನೆಯವರನ್ನಾಗಿ ಮಾಡಿದವು.

ಇದನ್ನು ಓದುತ್ತಿರುವ ನಿಮ್ಮಲ್ಲಿ ಒಂದು ಬೇಡಿಕೆ. ಬರುವ ಸಂಕ್ರಾಂತಿಗೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ಒಂದಾದರೂ ಕಾರ್ಡು ಮಾಡಿ. ಬೆಂಡೆಕಾಯಿ, ಈರುಳ್ಳಿ ಎಲ್ಲರ ಅಡುಗೆಮನೆಯಲ್ಲೂ ಇವೆ, ಮದುವೆ ಕಾಗದಗಳು ಈಗಲೂ ಬರುತ್ತಿವೆ, ಅಂಚೆ ಕಚೇರಿಗಳು ತೆರೆದಿವೆ, ಕಡೂರು, ತರೀಕೆರೆ, ಅಜ್ಜಂಪುರದ ಪಿನ್ ಕೋಡುಗಳು ಅವೇ ಇವೆ. ಮನೆಯಲ್ಲಿ ಅಜ್ಜಿ ಇದ್ದರೆ ಮೊದಲು ಅವರ ಹೆಬ್ಬೆರಳಿಗೆ ಅರಿಶಿನ ಹಚ್ಚಿ ಮೂಲೆಗೆ ಒತ್ತಿಸಿ, ಆಮೇಲೆ ಉಳಿದದ್ದು. ಅವರು ಇರುವಾಗಲೇ ಮಾಡಿ.